ಬಿಚ್ಚುವ ಮೊದಲು ಹುಡುಕುವ ಗ್ಯಾರೇಜು

ಪುಣೆಯ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಇಂದ್ರಾಯಣಿ ನಗರದ ಕಡೆಯಿಂದ ಒಳಗೆ ಬಂದರೆ ಸಿಗುವ ಪತ್ರಾ ಶೆಡ್ಡುಗಳ ಸಾಲಿನಲ್ಲಿ, ಸಸ್ಪೆನ್ಷನ್, ಅಂದರೆ ರಸ್ತೆಯ ಏಟು ಕಾರಿಗೆ ತಟ್ಟದಂತೆ ತಡೆಯುವ ಭಾಗಗಳ ಕೆಲಸ ಒಂದನ್ನೇ ಮಾಡುವ ಗ್ಯಾರೇಜೊಂದಿದೆ. ಎಂಜಿನ್ ಮುಟ್ಟುವುದಿಲ್ಲ, ಎಸಿ ಮುಟ್ಟುವುದಿಲ್ಲ, ಡೆಂಟಿಂಗ್ ಪೇಂಟಿಂಗ್ ಅಂತೂ ಕೇಳಲೇಬೇಡಿ. ಬೋರ್ಡು ಹಾಕಿಲ್ಲ. ಗೇಟಿನ ಪಕ್ಕ ಬಿದ್ದಿರುವ ಹಳೆಯ ಕಾಯಿಲ್ ಸ್ಪ್ರಿಂಗುಗಳ ರಾಶಿಯೇ ಗುರುತು. ಕಾರು ನೋಡಿ, ದೋಷ ಎಲ್ಲಿದೆ ಎಂದು ಹೇಳಲಿಕ್ಕೇ ಇಲ್ಲಿ ₹500 ತಗೊಳ್ಳುತ್ತಾರೆ. ಕೆಲಸ ಅಲ್ಲೇ ಮಾಡಿಸಿದರೆ ಅದು ಬಿಲ್ಲಿನಲ್ಲಿ ಕಳೆದುಹೋಗುತ್ತದೆ, ಬೇರೆ ಕಡೆ ಮಾಡಿಸಿದರೆ ಹೋಯಿತು ಅಷ್ಟೇ. ನಮ್ಮ ಸೊಸೈಟಿಯಲ್ಲಿ ಯಾರಿಗೆ ಹೇಳಿದರೂ ಮೊದಲ ತಕರಾರು ಇದೇ: ನೋಡಲಿಕ್ಕೂ ದುಡ್ಡಾ?

ನನಗೆ ಆ ₹500 ಈ ಗ್ಯಾರೇಜಿನ ಎಲ್ಲಕ್ಕಿಂತ ದೊಡ್ಡ ಗುಣ ಅನ್ನಿಸಿದೆ. ಹುಡುಕಿದ ಶ್ರಮಕ್ಕೆ ಕೂಲಿ ಸಿಗದ ಮೆಕ್ಯಾನಿಕ್ ತನ್ನ ಹೊಟ್ಟೆಪಾಡನ್ನು ಸಾಮಾನು ಬದಲಿಸುವುದರಲ್ಲೇ ನೋಡಿಕೊಳ್ಳಬೇಕಾಗುತ್ತದೆ. ಆಗ ಕೀಲಿನಲ್ಲಿ ಕೂರುವ ಒಂದು ರಬ್ಬರ್ ಬುಶ್ ಹೋಗಿದ್ದರೂ ಬಿಲ್ಲಿನಲ್ಲಿ ಎರಡು ಶಾಕಪ್ (ಶಾಕ್ ಅಬ್ಸಾರ್ಬರ್) ಬಂದು ಕೂರುತ್ತವೆ. ನಾನು ಚಾಕಣದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುವವಳು. ಬಿಲ್ಲು ಓದುವುದೇ ನನ್ನ ಉದ್ಯೋಗ, ಹಾಗಾಗಿ ಈ ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ನನ್ನದು ಸಣ್ಣ ಹ್ಯಾಚ್‌ಬ್ಯಾಕ್. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗೂ ಶಾಕಪ್ಪೂ ಒಂದೇ ಕಂಬದಲ್ಲಿ; ಹಿಂದೆ ಟಾರ್ಷನ್ ಬೀಮ್, ಅಂದರೆ ಎರಡು ಚಕ್ರಗಳನ್ನು ಸೇರಿಸುವ, ತಿರುಚಿಕೊಳ್ಳಬಲ್ಲ ಅಡ್ಡ ತೊಲೆ; ನಮ್ಮ ರಸ್ತೆಗಳ ಮೇಲಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಇದೇ ಜೋಡಣೆಯವು. ದಿನಾ ಮೋಶಿಯಿಂದ ಚಾಕಣಕ್ಕೆ ನಾಸಿಕ್ ಹೆದ್ದಾರಿ. ಆ ರಸ್ತೆ ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ: ಕಂಟೇನರ್ ಲಾರಿಗಳ ಸಾಲು, ತೇಪೆಯ ಮೇಲೆ ತೇಪೆ, ಮಳೆಗಾಲದಲ್ಲಿ ನೀರು ತುಂಬಿ ಆಳ ಕಾಣದ ಹೊಂಡಗಳು. ಹಬ್ಬ ಹರಿದಿನಕ್ಕೆ ಸೊಲ್ಲಾಪುರದ ಮೇಲೆ ವಿಜಯಪುರಕ್ಕೂ ಇದೇ ಕಾರು. ಹೊಂಡಗಳಿಗಿಂತ ಹೆಚ್ಚಾಗಿ ನನ್ನ ಕಾರನ್ನು ತಿಂದದ್ದು ಸ್ಪೀಡ್ ಬ್ರೇಕರುಗಳು ಎಂಬುದು ನನ್ನ ನಂಬಿಕೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಪ್ರಕಾರ ಗಂಟೆಗೆ 25 ಕಿ.ಮೀ. ವೇಗಕ್ಕೆ ಹಾಕುವ ದುಂಡನೆಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಅದರ ಬಾಗು 17 ಮೀಟರ್ ತ್ರಿಜ್ಯದ್ದಾಗಿರಬೇಕು. ಅಂದರೆ ಚಕ್ರ ನಿಧಾನವಾಗಿ ಏರಿ ನಿಧಾನವಾಗಿ ಇಳಿಯಬೇಕು. ನಮ್ಮ ಓಣಿಯಲ್ಲಿರುವುದು ಒಂದು ಮೊಳ ಅಗಲದ ರಬ್ಬರ್ ಪಟ್ಟಿ. ಅದರ ಮೇಲೆ ಚಕ್ರ ಏರುವುದಿಲ್ಲ, ಹೋಗಿ ಗುದ್ದುತ್ತದೆ. ಪ್ರತಿ ಗುದ್ದೂ ನೇರವಾಗಿ ಬುಶ್, ಬಾಲ್ ಜಾಯಿಂಟು (ಗುಂಡು ಕೀಲು) ಗಳಿಗೆ.

ಸದ್ದು ಶುರುವಾದದ್ದು ಎಡಗಡೆ ಮುಂದೆ. ನಿಧಾನವಾಗಿ ಹೋಗುವಾಗ, ರಸ್ತೆ ಸ್ವಲ್ಪ ತರಕಲಾಗಿದ್ದರೆ ಕಟ್ ಕಟ್ ಕಟ್ ಎಂದು ಒಣಸದ್ದು. ವೇಗ ಹೆಚ್ಚಿದರೆ ಕೇಳುತ್ತಿರಲಿಲ್ಲ. ಇದಲ್ಲದೆ ಪಾರ್ಕಿಂಗ್‌ನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸುವಾಗ ಒಮ್ಮೊಮ್ಮೆ ಟಣ್ ಎಂದು ತಂತಿ ಮೀಟಿದಂತೆ ಇನ್ನೊಂದು ಸದ್ದು. ಸರ್ವಿಸ್ ಮಾಡಿಸುವ ಕಡೆ ತೋರಿಸಿದೆ. ಕಾರನ್ನು ಲಿಫ್ಟಿಗೆ ಏರಿಸಿ, ಕೆಳಗೆ ಟಾರ್ಚ್ ಬಿಟ್ಟು ನೋಡಿ, ಮುಂದಿನ ಎರಡೂ ಶಾಕಪ್, ಎರಡೂ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು), ಸ್ಟೇರಿಂಗ್ ರ‍್ಯಾಕ್ ಎಂದು ₹31,000ದ ಅಂದಾಜು ಕೊಟ್ಟರು. ನನಗೆ ಹೊಂದದೇ ಹೋದದ್ದು ಮೊತ್ತವಲ್ಲ. ಯಾರೂ ಕಾರನ್ನು ಓಡಿಸಿ ನೋಡಿರಲಿಲ್ಲ. ಓಡುವಾಗ ಬರುವ ಸದ್ದನ್ನು ನಿಂತ ಕಾರಿನಲ್ಲಿ ಹೇಗೆ ಹುಡುಕಿದರು?

ಭೋಸರಿಯ ಗ್ಯಾರೇಜಿನ ಯಜಮಾನರು ಇಂಡಿ ತಾಲೂಕಿನವರು. ವಯಸ್ಸಿನಲ್ಲಿ ಹಿರಿಯರು, ಹಾಗಾಗಿ ನಾನು ಕಾಕಾ ಅನ್ನುತ್ತೇನೆ. ಚಾಕಣದ ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ದುಡಿದು ಆಮೇಲೆ ಈ ಶೆಡ್ಡು ಹಾಕಿದ್ದಾರೆ. ನಾನು ಸದ್ದಿನ ವಿಷಯ ಹೇಳತೊಡಗಿದಾಗ ಅವರು ಕಾರನ್ನು ಮುಟ್ಟದೆ ಕೇಳುತ್ತಲೇ ಹೋದರು. ಬ್ರೇಕ್ ಹಾಕಿದಾಗ ಬರ್ತದೋ? ರಿವರ್ಸ್‌ನಿಂದ ಮುಂದಕ್ಕೆ ಹಾಕಿದಾಗ? ಮುಂಜಾನೆ ಜಾಸ್ತಿನೋ ಸಂಜಿಕೋ? ಒಂದು ಗಾಲಿ ಹೊಂಡಕ್ಕ ಇಳಿದಾಗ ಬರ್ತದೋ, ಎರಡೂ ಕೂಡಿ ಹಂಪ್ ಏರಿದಾಗೂ ಬರ್ತದೋ?

ಕಡೆಯ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. "ಬರ‍್ರಿ ತಂಗೀ, ಗಾಡೀನೇ ಹೇಳ್ತದ," ಎಂದು ಕಾಕಾ ಎರಡು ಮರದ ಪಟ್ಟಿಗಳನ್ನು ತಂದು ರಸ್ತೆಯ ಮೇಲೆ ಹಾಕಿಸಿದರು. ಮೊದಲು ಎರಡನ್ನೂ ಅಕ್ಕಪಕ್ಕ ಇಟ್ಟು, ಮುಂದಿನ ಎರಡೂ ಚಕ್ರ ಒಟ್ಟಿಗೆ ಏರುವಂತೆ ಓಡಿಸಿದರು. ಸದ್ದಿಲ್ಲ. ಆಮೇಲೆ ಬಲಗಡೆಯ ಪಟ್ಟಿ ತೆಗೆಸಿ ಎಡ ಚಕ್ರ ಒಂದನ್ನೇ ಏರಿಸಿದರು. ಕಟ್! ನಾನು ಇಷ್ಟು ದಿನ ಕೇಳುತ್ತಿದ್ದ ಅದೇ ಸದ್ದು.

ಇದರ ಹಿಂದಿನ ಕಾರಣವನ್ನು ಅವರು ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೀರಿ ತೋರಿಸಿದರು. ಮುಂದಿನ ಎರಡು ಚಕ್ರಗಳ ನಡುವೆ ಯು ಆಕಾರದ ಒಂದು ಉಕ್ಕಿನ ಸಳಿ ಇದೆ. ಅದು ಸ್ಟೆಬಿಲೈಸರ್ ಬಾರ್, ತಿರುವಿನಲ್ಲಿ ಕಾರು ವಾಲದಂತೆ ಹಿಡಿಯುವುದು ಅದರ ಕೆಲಸ. ಅದರ ಎರಡು ತುದಿಗಳನ್ನು ಎರಡು ಕಡೆಯ ಸ್ಟ್ರಟ್‌ಗೆ ಸೇರಿಸುವುದು ಲಿಂಕ್ ರಾಡ್, ಗೇಣುದ್ದದ ಕಡ್ಡಿ, ಎರಡೂ ಕಡೆ ಪುಟ್ಟ ಬಾಲ್ ಜಾಯಿಂಟು. ಎರಡೂ ಚಕ್ರ ಒಟ್ಟಿಗೆ ಏರಿದರೆ ಬಾರ್ ತನ್ನ ರಬ್ಬರ್ ಬುಶ್‌ಗಳಲ್ಲಿ ಹಾಗೇ ಹೊರಳುತ್ತದೆ, ಲಿಂಕ್ ರಾಡ್ ಮೇಲೆ ಜೋರು ಬೀಳುವುದಿಲ್ಲ. ಒಂದೇ ಚಕ್ರ ಏರಿದರೆ ಬಾರ್ ತಿರುಚಿಕೊಳ್ಳುತ್ತದೆ. ಆ ಬಲವೆಲ್ಲ ಲಿಂಕ್ ರಾಡ್ ಮೂಲಕವೇ ಹಾಯಬೇಕು, ಜಾಯಿಂಟು ಸಡಿಲವಾಗಿದ್ದರೆ ಅಲ್ಲಿ ಬಡಿಯುತ್ತದೆ. ಎರಡೂ ಚಕ್ರ ಕೂಡಿ ಏರಿದಾಗಲೂ ಸದ್ದು ಬಂದಿದ್ದರೆ ಸ್ಟ್ರಟ್ಟಿನ ಮೇಲ್ತುದಿಯನ್ನು ಕಾರಿನ ಮೈಗೆ ಹಿಡಿಯುವ ಸ್ಟ್ರಟ್ ಮೌಂಟೋ ಶಾಕಪ್ಪೋ ಬೇರೆ ಬುಶ್ಶೋ ಎಂದು ಇನ್ನೊಂದು ದಾರಿ ಹಿಡಿಯಬೇಕಿತ್ತು. ಎರಡು ತುಂಡು ಕಟ್ಟಿಗೆಯಲ್ಲಿ ಅರ್ಧ ಕಾರು ಅನುಮಾನದ ಪಟ್ಟಿಯಿಂದ ಹೊರಬಿತ್ತು.

ಅಷ್ಟಕ್ಕೇ ಬಿಡಲಿಲ್ಲ. ಕಬ್ಬಿಣದ ಮೈಯಲ್ಲಿ ಸದ್ದು ಎಲ್ಲೆಲ್ಲಿಗೋ ಹರಿಯುತ್ತದೆ, ಬಲಗಡೆಯದ್ದು ಎಡಗಡೆ ಕೇಳುವುದೂ ಉಂಟು. ಎಂಐಡಿಸಿಯ ಒಂದು ಕಂಪೌಂಡ್ ಗೋಡೆಯ ಪಕ್ಕದಲ್ಲೇ, ಕಿಟಕಿ ಇಳಿಸಿ, ನಡಿಗೆಯ ವೇಗದಲ್ಲಿ ಹೋದರು, ಗೋಡೆಗೆ ಬಡಿದು ಸದ್ದು ತಿರುಗಿ ಬರಲಿ ಎಂದು. ಎಡ ಗೋಡೆಯ ಪಕ್ಕ ಒಮ್ಮೆ, ತಿರುಗಿಸಿಕೊಂಡು ಬಂದು ಬಲಗಡೆಗೆ ಒಮ್ಮೆ. ಶೆಡ್ಡಿಗೆ ಮರಳಿ ಎರಡೂ ಲಿಂಕ್ ರಾಡ್ ಬಿಚ್ಚಿ ಪಕ್ಕಕ್ಕಿಟ್ಟು, ಅವಿಲ್ಲದೆಯೇ ಮತ್ತೆ ಪಟ್ಟಿ ಏರಿಸಿದರು. ಸದ್ದು ಇಲ್ಲ. ಆಗ ಬಿಚ್ಚಿದ ಎಡ ಲಿಂಕನ್ನು ನನ್ನ ಕೈಗೆ ಕೊಟ್ಟರು. ಮೇಲಿನ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟು ಹರಿದು, ಒಳಗಿನ ಗ್ರೀಸ್ ಹೋಗಿ ಕೆಂಪು ತುಕ್ಕಿನ ನೀರು ಕಟ್ಟಿತ್ತು. ಬೆರಳಿನಲ್ಲಿ ಅಲ್ಲಾಡಿಸಿದರೆ ಟಿಕ್ ಟಿಕ್ ಎನ್ನುತ್ತಿತ್ತು. ಬಲಗಡೆಯದ್ದು ಬಿಗಿಯಾಗಿತ್ತು, ತಿರುಗಿಸಲು ಕೈಗೆ ಬಲ ಬೇಕಿತ್ತು. ಒಳ್ಳೆಯದು ಹೇಗಿರುತ್ತದೆ, ಕೆಟ್ಟದ್ದು ಹೇಗಿರುತ್ತದೆ ಎಂದು ಕೈಯಲ್ಲೇ ಹಿಡಿದು ನೋಡಿದ ಮೇಲೆ ಯಾರ ಮಾತನ್ನೂ ನಂಬುವ ಗರಜಿಲ್ಲ.

ಟಣ್ ಎನ್ನುವ ಸದ್ದಿಗೆ ಬೇರೆ ಪರೀಕ್ಷೆ. ಬಾನೆಟ್ ಎತ್ತಿ, ಹುಡುಗನನ್ನು ಸ್ಟೇರಿಂಗ್ ಮುಂದೆ ಕೂರಿಸಿ, "ಹಳೂ ಹಳೂ" (ನಿಧಾನ, ನಿಧಾನ) ಎಂದು ಮರಾಠಿಯಲ್ಲಿ ಹೇಳುತ್ತ ಕಾಕಾ ಚಕ್ರದ ಒಳಗಿಂದ ಕೈ ಹಾಕಿ ಕಾಯಿಲ್ ಸ್ಪ್ರಿಂಗ್ ಮೇಲೆ ಬೆರಳಿಟ್ಟರು. ನನ್ನನ್ನೂ ಕರೆದು ಬೆರಳಿಡಿಸಿದರು. ಬಲಗಡೆಯ ಸ್ಪ್ರಿಂಗ್ ಮೊದಲು ತಿರುಗದೆ ಬಿಗಿದುಕೊಂಡಿತು, ಆಮೇಲೆ ಒಮ್ಮೆಲೇ ಜಿಗಿದು ಟಣ್ ಎಂದಿತು, ಬೆರಳಿಗೆ ಏಟು ಗೊತ್ತಾಯಿತು. ಸ್ಟೇರಿಂಗ್ ತಿರುಗಿಸಿದಾಗ ಸ್ಟ್ರಟ್ ಮತ್ತು ಸ್ಪ್ರಿಂಗ್ ಒಟ್ಟಾಗಿ ತಿರುಗಲು ಮೇಲ್ತುದಿಯಲ್ಲಿ ಒಂದು ಬೇರಿಂಗ್ ಇರುತ್ತದೆ. ಅದರೊಳಗೆ ನೀರು, ಧೂಳು ಹೋಗಿ ಜಾಮ್ ಆದರೆ ಸ್ಪ್ರಿಂಗ್ ತಿರುಚಿಕೊಂಡು ನಿಲ್ಲುತ್ತದೆ, ತಡೆಯಲಾರದಾಗ ಸಿಡಿಯುತ್ತದೆ. ₹31,000ದ ಅಂದಾಜಿನಲ್ಲಿ ಈ ಬೇರಿಂಗ್ ಇರಲೇ ಇಲ್ಲ, ಲಿಂಕ್ ರಾಡೂ ಇರಲಿಲ್ಲ. ಅಷ್ಟು ದುಡ್ಡು ಸುರಿದು, ಎರಡೂ ಸದ್ದುಗಳನ್ನು ಹಾಗೇ ಇಟ್ಟುಕೊಂಡು ಮನೆಗೆ ಬರುತ್ತಿದ್ದೆ.

ಶಾಕಪ್ ಬಗ್ಗೆ ಕೇಳಿದೆ, ಏಕೆಂದರೆ ಅದರ ಮೈ ಮೇಲೆ ಸ್ವಲ್ಪ ಎಣ್ಣೆಯ ಪಸೆ ಇತ್ತು, ಅಂದಾಜು ಕೊಟ್ಟವರು ಅದನ್ನೇ ತೋರಿಸಿದ್ದರು. "ಇದು ಬೆವರು ತಂಗೀ, ಸೋರಿಕಿ ಅಲ್ಲ. ಸೋರಿದ್ರ ಕೆಳಗಿನ ತನಕ ಹಸಿ ಇರ್ತದ, ಧೂಳು ಕೂತು ಕೆಸರಾಗಿರ್ತದ. ಮತ್ತ ಶಾಕಪ್ ಹೋದ ಗಾಡಿ ತೇಲತದ, ಕುಣೀತದ. ನಿಮ್ಮದು ಕುಣ್ಯಾಂಗಿಲ್ಲ," ಎಂದರು. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕಪ್. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ವಾಲ್ವುಗಳ ಮೂಲಕ ತಳ್ಳುತ್ತದೆ, ಕುಣಿತದ ಶಕ್ತಿ ಬಿಸಿಯಾಗಿ ಹೋಗುತ್ತದೆ. ಬಾನೆಟ್ ಒತ್ತಿ ಬಿಟ್ಟು ನೋಡುವ ಪರೀಕ್ಷೆಯನ್ನು ಕಾಕಾ ಮಾಡುತ್ತಾರೆ, ಆದರೆ ಅದರ ಮೇಲೆ ಹೆಚ್ಚು ಭರವಸೆ ಇಡುವುದಿಲ್ಲ. ಪೂರ್ತಿ ಸತ್ತ ಶಾಕಪ್ ಮಾತ್ರ ಅದರಲ್ಲಿ ಸಿಕ್ಕಿಬೀಳುತ್ತದೆ, ಅರ್ಧ ಹೋದದ್ದು ಪಾಸಾಗಿಬಿಡುತ್ತದೆ. ಟೈರನ್ನು ಅಂಗೈಯಿಂದ ಸವರಿ ನೋಡುವುದರಲ್ಲಿ ಅವರಿಗೆ ಹೆಚ್ಚು ನಂಬಿಕೆ. ಶಾಕಪ್ ಹೋಗಿದ್ದರೆ ಚಕ್ರ ರಸ್ತೆಯ ಮೇಲೆ ಪುಟಿಯುತ್ತ ಹೋಗಿ ಟೈರಿನ ಮೈಯಲ್ಲಿ ಅಲ್ಲಲ್ಲಿ ತಗ್ಗು ಬೀಳುತ್ತದೆ. ನನ್ನ ಟೈರುಗಳು ಸಮನಾಗಿಯೇ ಸವೆದಿದ್ದವು.

ಲೋವರ್ ಆರ್ಮಿನ ಹಿಂದಿನ ಬುಶ್‌ನಲ್ಲಿ ಮಾತ್ರ ಬಿರುಕು ಕಾಣಿಸಿತು. ಟಾಮಿ ಎನ್ನುವ ಕಬ್ಬಿಣದ ಸಳಿ ಹಾಕಿ ಮೀಟಿ ತೋರಿಸಿದರು, ರಬ್ಬರು ಬಿರುಕು ಬಿಟ್ಟಿದ್ದರೂ ಕಬ್ಬಿಣದಿಂದ ಬಿಟ್ಟುಕೊಂಡಿರಲಿಲ್ಲ. ಈಗ ಬೇಡ, ಮಳೆಗಾಲ ಮುಗಿಯಲಿ, ಬ್ರೇಕ್ ಹಾಕಿದಾಗ ದಡ್ ಅಂದ್ರ ಅಥವಾ ಗಾಡಿ ಒಂದು ಕಡೆ ಎಳೆದ್ರ ಮೊದಲೇ ಬರ‍್ರಿ ಎಂದರು. ಬದಲಿಸುತ್ತೇನೆ ಎಂದಿದ್ದರೆ ನಾನು ಒಪ್ಪುತ್ತಿದ್ದೆ, ಅದು ಅವರಿಗೂ ಗೊತ್ತಿತ್ತು.

ಕೆಲಸ ಮಾಡುವ ರೀತಿಯಲ್ಲಿ ನಾನು ಕಣ್ಣಿಟ್ಟು ನೋಡಿದ್ದು ಮೂರು ಸಂಗತಿ. ಸ್ಟ್ರಟ್ ಇಳಿಸುವ ಮೊದಲು ಕೆಳಗಿನ ಬೋಲ್ಟುಗಳ ಸುತ್ತ ಬಿಳಿ ಪೇಂಟಿನ ಗೆರೆ ಎಳೆದರು. ಆ ತೂತುಗಳಲ್ಲಿ ಬೋಲ್ಟಿಗೆ ಕೂದಲೆಳೆ ಜಾಗ ಇರುತ್ತದೆ, ಗೆರೆ ತಪ್ಪಿ ಕೂತರೆ ಚಕ್ರದ ಓರೆ ಬದಲಾಗುತ್ತದೆ. ಆಮೇಲೆ ಸ್ಪ್ರಿಂಗನ್ನು ಎರಡೂ ಕಡೆ ಒತ್ತಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಹಾಕಿ, ಈ ಕಡೆ ಸ್ವಲ್ಪ ಆ ಕಡೆ ಸ್ವಲ್ಪ ಎಂದು ಸಮನಾಗಿ ಬಿಗಿದು, ಸ್ಪ್ರಿಂಗ್ ಸೀಟಿನಿಂದ ಸಡಿಲವಾದದ್ದು ಖಾತ್ರಿಯಾದ ಮೇಲೆಯೇ ಮೇಲಿನ ನಟ್ಟಿಗೆ ಪಾನಾ ಹಾಕಿದ್ದು. ಕಂಪ್ರೆಸರ್ ಇಲ್ಲದೆ ಆ ನಟ್ಟು ಬಿಚ್ಚುವವರನ್ನು ನಾನು ಕಂಡಿದ್ದೇನೆ. ಒತ್ತಿಟ್ಟ ಸ್ಪ್ರಿಂಗ್ ಹಾರಿದರೆ ಮುಖ ಉಳಿಯುವುದಿಲ್ಲ. ಏರ್ ಗನ್ ಇದ್ದರೂ ಶಾಕಪ್ಪಿನ ರಾಡ್ ಮೇಲಿನ ನಟ್ಟಿಗೆ ಅದನ್ನು ಬಳಸಲಿಲ್ಲ. ರಾಡ್ ಗರಗರ ತಿರುಗಿ ಸೀಲ್ ಹಾಳಾಗುತ್ತದೆ. ಅಲೆನ್ ಕೀಯಿಂದ ರಾಡ್ ಹಿಡಿದು, ಪಾನಾದಿಂದ ನಟ್ಟು ತಿರುಗಿಸಿ, ಕೊನೆಗೆ ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿಯುವ ಟಾರ್ಕ್ ರೆಂಚ್. ನಟ್ಟು ಹೊಸದು.

ಬಿಲ್ಲು: ಎರಡೂ ಕಡೆಯ ಲಿಂಕ್ ರಾಡ್ ₹1,300, ಬೇರಿಂಗ್ ಸಮೇತ ಎರಡೂ ಸ್ಟ್ರಟ್ ಮೌಂಟ್ ₹2,600, ಕೂಲಿ ₹1,800. ಒಟ್ಟು ₹5,700, ಅದರಲ್ಲಿ ಮೊದಲು ಕೊಟ್ಟ ₹500 ಕಳೆದು ₹5,200. ಬಲಗಡೆಯ ಲಿಂಕ್ ಗಟ್ಟಿಯಿತ್ತಲ್ಲ, ಯಾಕೆ ಬದಲಿಸಬೇಕು ಎಂದು ಕೇಳಿದ್ದೆ. ಅದೂ ಅಷ್ಟೇ ಓಡಿದೆ, ಬೇಡ ಅಂದ್ರ ಹಾಕೂದಿಲ್ಲ, ನಿಮ್ಮ ಮರ್ಜಿ ಎಂದರು. ಹಾಕಿಸಿದೆ. ಹಳೆಯ ಸಾಮಾನನ್ನೆಲ್ಲ ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಟ್ಟರು.

ಕೆಲವು ದಿನಗಳ ನಂತರ ಮುಂಜಾನೆ ಹೊತ್ತು ಕಿರ್ ಕಿರ್ ಎಂದು ಹೊಸ ಸದ್ದು ಬಂತು. ಸ್ಟೆಬಿಲೈಸರ್ ಬಾರಿನ ನಡುವಿನ ಬುಶ್ ಒಣಗಿ ಉಜ್ಜುತ್ತಿತ್ತು. ದುಡ್ಡು ತಗೊಳ್ಳದೆ ಬಿಚ್ಚಿ, ಒರೆಸಿ, ಸಿಲಿಕೋನ್ ಗ್ರೀಸ್ ಹಚ್ಚಿದರು. ಪೆಟ್ರೋಲ್ ಪಂಪಿನಲ್ಲಿ ಯಾರಾದರೂ ರಬ್ಬರಿಗೆ ಎಂಜಿನ್ ಆಯಿಲ್ ಹೊಡೆಯಲು ಬಂದರೆ ಕೈ ಹಿಡೀರಿ ಎಂದು ಹೇಳಿ ಕಳಿಸಿದರು. ಅದು ನಿಜ. ಖನಿಜ ಎಣ್ಣೆ ತಾಗಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ, ನಾಲ್ಕು ದಿನ ಸದ್ದು ನಿಂತರೂ ಬುಶ್ಶೇ ಹೋಗುತ್ತದೆ.

ದೀಪಾವಳಿಗೆ ಊರಿಗೆ ಹೋಗುವ ಮೊದಲು ಲೋವರ್ ಆರ್ಮ್ ಬುಶ್ ಹಾಕಿಸಿದೆ, ಬ್ರೇಕಿಗೆ ದಡ್ ಎನ್ನಲು ಶುರುವಾಗಿತ್ತು. ಅವತ್ತು ನೋಡಿದ್ದನ್ನು ಎಲ್ಲ ಕಾರಿನವರೂ ತಿಳಿದಿರಬೇಕು. ಹೊಸ ಬುಶ್ ಒತ್ತಿ, ಆರ್ಮ್ ಕೂರಿಸಿ, ಬೋಲ್ಟುಗಳನ್ನು ಕೈಬಿಗಿ ಮಾತ್ರ ಮಾಡಿ ಬಿಟ್ಟರು. ಕಾರನ್ನು ಜಾಕಿನಿಂದ ಇಳಿಸಿ, ಚಕ್ರಗಳನ್ನು ಇಳಿಜಾರು ಹಲಗೆಗಳ ಮೇಲೆ ಹತ್ತಿಸಿ, ಎರಡು ಸಲ ಒತ್ತಿ ಕುಣಿಸಿ, ಕಾರು ತನ್ನ ಭಾರದಲ್ಲಿ ಕೂತ ಮೇಲೆಯೇ ಕೆಳಗೆ ತೆವಳಿಕೊಂಡು ಹೋಗಿ ಪೂರ್ತಿ ಬಿಗಿದರು. ಜಾಕಿನ ಮೇಲೆ ಚಕ್ರ ಜೋತುಬಿದ್ದಾಗಲೇ ಬಿಗಿದರೆ ರಬ್ಬರು ಆ ಜೋತುಬಿದ್ದ ಸ್ಥಿತಿಗೇ ಕಚ್ಚಿಕೊಳ್ಳುತ್ತದೆ. ಕಾರು ಇಳಿಸಿದ ಕ್ಷಣದಿಂದ ಹಗಲೂ ರಾತ್ರಿ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ಬುಶ್ ಡೂಪ್ಲಿಕೇಟ್ ಇತ್ತು ಎಂದು ಸಾಮಾನಿನ ಮೇಲೆ ಬೈಗುಳ ಬೀಳುತ್ತದೆ. ನಿಮ್ಮ ಮೆಕ್ಯಾನಿಕ್ ಯಾರೇ ಇರಲಿ, ಇದೊಂದನ್ನು ಎದುರಿಗೆ ನಿಂತು ಕೇಳಿ ಮಾಡಿಸಿ.

ಇಲ್ಲಿ ಶಾಕಪ್ ಬದಲಿಸುವುದೇ ಇಲ್ಲ ಎಂದೇನೂ ಇಲ್ಲ. ನಮ್ಮ ಮೇಲಿನ ಮಹಡಿಯವರ ಹಳೆಯ ಎಸ್‌ಯುವಿಗೆ ಹಿಂದಿನ ಒಂದು ಶಾಕಪ್ ಸೋರುತ್ತಿತ್ತು, ಟೈರಿನಲ್ಲಿ ತಗ್ಗುಗಳು ಅಂಗೈಗೆ ಸಿಗುತ್ತಿದ್ದವು. ಒಂದನ್ನೇ ಹಾಕಿ ಎಂದು ಅವರು ಜಗ್ಗಾಡಿದರು. ಕಾಕಾ ಒಪ್ಪಲಿಲ್ಲ, ಒಂದು ಹೊಸದು ಒಂದು ಹಳೆಯದಾದರೆ ಎರಡು ಕಡೆಯ ತಡೆ ಬೇರೆಬೇರೆಯಾಗಿ ಜೋರು ಬ್ರೇಕಿನಲ್ಲಿ, ತಿರುವಿನಲ್ಲಿ ಗಾಡಿ ಕೈಗೆ ಸಿಗುವುದಿಲ್ಲ. ಹಾಕಿದರೆ ಜೋಡಿ, ಇಲ್ಲದಿದ್ದರೆ ಬೇರೆ ಕಡೆ ನೋಡಿ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ತೊಂದರೆಗಳೂ ಇವೆ. ಕೂರಲು ಒಂದು ಮುರುಕು ಬೆಂಚು, ಹೆಂಗಸರಿಗೆ ಶೌಚಾಲಯ ಇಲ್ಲ, ಇದು ನಿಜಕ್ಕೂ ಸರಿಪಡಿಸಬೇಕಾದ ವಿಷಯ ಮತ್ತು ನಾನು ಅವರಿಗೆ ನೇರವಾಗಿ ಹೇಳಿದ್ದೇನೆ. ಮುಂಜಾನೆ ಬಿಟ್ಟ ಕಾರು ಸಂಜೆ ಸಿಗುತ್ತದೆ ಎಂದರೆ ಸಿಗುವುದು ಮರುದಿನ. ಕೈಬರಹದ ಬಿಲ್ಲು, ಆಫೀಸಿನಲ್ಲಿ ಖರ್ಚು ಹಾಕಲು ಬರುವುದಿಲ್ಲ. ಯುಪಿಐ ನಡೆಯುತ್ತದೆ, ಕಾರ್ಡ್ ಇಲ್ಲ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ತರಿಸಿದ ಸಾಮಾನನ್ನು ಅವರು ಹಾಕುವುದಿಲ್ಲ. ಬೇಕಾದರೆ ಪುಣೆಯ ನಾನಾ ಪೇಠೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಬೆಲೆ ವಿಚಾರಿಸಿಕೊಂಡು ಬನ್ನಿ, ಅದಕ್ಕೆ ಬೇಜಾರಿಲ್ಲ. ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳ ಓರೆ ಸರಿಹೊಂದಿಸುವ ಯಂತ್ರ ಇಲ್ಲ, ಅದಕ್ಕೆ ಬೇರೆ ಕಡೆ ಹೋಗಲೇಬೇಕು. ಸ್ಟ್ರಟ್, ಲೋವರ್ ಆರ್ಮ್, ಸ್ಟೇರಿಂಗನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್ ಯಾವುದನ್ನು ಮುಟ್ಟಿದರೂ ಅಲೈನ್‌ಮೆಂಟ್ ತಪ್ಪಿಸಬೇಡಿ, ಟೈರಿನ ಅಂಚು ತಿಂದುಹೋಗುತ್ತದೆ. ಸಡಿಲ ಬುಶ್ ಇಟ್ಟುಕೊಂಡು ಮೊದಲೇ ಅಲೈನ್‌ಮೆಂಟ್ ಮಾಡಿಸಿದರೂ ದಂಡ, ಯಂತ್ರದ ಮೇಲೆ ಕಂಡ ಅಂಕಿ ರಸ್ತೆಗೆ ಬಂದರೆ ಉಳಿಯುವುದಿಲ್ಲ. ಏರ್ ಸಸ್ಪೆನ್ಷನ್, ಎಲೆಕ್ಟ್ರಾನಿಕ್ ಶಾಕಪ್ ಇರುವ ದುಬಾರಿ ಕಾರುಗಳನ್ನು ಅವರು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಗುರುವಾರ ಎಂಐಡಿಸಿ ರಜೆ, ಅವತ್ತು ಹೋಗಬೇಡಿ. ಮುಂಜಾನೆ ಬೇಗ ಹೋದರೆ ಓಡಿಸಿ ನೋಡಲು ರಸ್ತೆ ಖಾಲಿ ಸಿಗುತ್ತದೆ. ಸದ್ದು ಯಾವಾಗ, ಯಾವ ವೇಗಕ್ಕೆ, ಒಂದು ಚಕ್ರಕ್ಕೋ ಎರಡಕ್ಕೋ ಎಂದು ಮೊದಲೇ ಗಮನಿಸಿಟ್ಟುಕೊಂಡು ಹೋಗಿ, ಕಾಕಾ ಕೇಳಿಯೇ ಕೇಳುತ್ತಾರೆ. ಕಾರು ತೊಳೆಸಿಕೊಂಡು ಮಾತ್ರ ಹೋಗಬೇಡಿ. ಅಡಿಯ ಎಣ್ಣೆ ಕಲೆ, ಬೂಟಿನ ಸುತ್ತ ಚಿಮ್ಮಿದ ಗ್ರೀಸ್ ಎಲ್ಲ ಇದ್ದ ಹಾಗೇ ಇರಬೇಕು.